ಇಬ್ಬರ ಜಗಳದಲ್ಲಿ ಮೂರನೆಯವನ ಪಾಲು: ತುಮಕೂರಿನ ಕೇಳುಗರ ಬಳಗವೊಂದರ ಪ್ರಕರಣ

ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಗೀತರಚನೆಕಾರ ರೋಜರ್ ವಾಟರ್ಸ್ ಮತ್ತು ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ನಡುವಿನ ವೈಮನಸ್ಯಕ್ಕೆ ನಾಲ್ಕು ದಶಕ ದಾಟಿದೆ. 2025ರ ಮಳೆಗಾಲದಲ್ಲಿ ಅದೇ ವೈಮನಸ್ಯ ತುಮಕೂರಿನ ಇಬ್ಬರು ಹಳೆಯ ಗೆಳೆಯರ ನಡುವೆ ಬಂದು ನಿಂತು ಅವರ ಮಾತು ಬಿಡಿಸಿತು. ಎಲ್ಲಿಯದೋ ರಾಕ್ ತಂಡದ ಜಗಳಕ್ಕೆ ಇಲ್ಲಿ ಕುಳಿತವರು ಯಾಕೆ ಬಿಸಿಯಾಗಬೇಕು ಎಂದು ನಮ್ಮನ್ನು ಕೇಳಿದವರಿದ್ದಾರೆ. ಹರೆಯದಿಂದ ಜೊತೆಗೆ ಬಂದ ಹಾಡುಗಳು ಎದೆಯೊಳಗಿನ ಆಸ್ತಿ. ಅದಕ್ಕೆ ವಾರಸುದಾರರು ಯಾರು ಎಂಬ ಪ್ರಶ್ನೆ ಬಂದರೆ ಯಾರಾದರೂ ಬಿಸಿಯಾಗುತ್ತಾರೆ. ಆದ್ದರಿಂದ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುವುದು ಸರಿಯೆಂದು ನನಗೆ ತೋರಿತು.

ನಮ್ಮದು ಹೆಸರಿಲ್ಲದ ಬಳಗ. ಬಿ.ಎಚ್. ರಸ್ತೆಗೆ ಹತ್ತಿರದ ಜೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸೇರುತ್ತೇವೆ. ಒಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತೇವೆ, ಆಮೇಲೆ ಮಾತನಾಡುತ್ತೇವೆ. ಬರುವವರಲ್ಲಿ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವ ಸಾಫ್ಟ್‌ವೇರ್ ಉದ್ಯೋಗಿಗಳಿದ್ದಾರೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಒಬ್ಬ ಔಷಧದ ಅಂಗಡಿಯವರಿದ್ದಾರೆ. ಈ ಪ್ರಕರಣಕ್ಕೆ ಬೇಕಾದವರು ಮೂವರು.

ಮೊದಲನೆಯವರು ವಕೀಲರು. ತಿಪಟೂರು ಕಡೆಯ ತೆಂಗಿನ ತೋಟದ ಮನೆತನ, ನ್ಯಾಯಾಲಯದಲ್ಲಿ ವಿಭಾಗದ ದಾವೆಗಳೇ ಮುಖ್ಯ ಕೆಲಸ. ಎರಡನೆಯವರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಇಬ್ಬರೂ ಓದುವಾಗ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು, ಒಂದೇ ಟೇಪ್‌ರೆಕಾರ್ಡರಿನಲ್ಲಿ ನಕಲು ಕ್ಯಾಸೆಟ್ಟುಗಳನ್ನು ಕೇಳಿ ಸವೆಸಿದವರು. 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇಬ್ಬರೂ ಜೊತೆಯಾಗಿ ಹೋಗಿ ಬಂದಿದ್ದರು. ಮೂರನೆಯವನು ಕ್ಯಾತಸಂದ್ರದ ಯುವಕ. ಗಣೇಶೋತ್ಸವ, ರಾಜ್ಯೋತ್ಸವದ ವೇದಿಕೆಗಳಲ್ಲಿ ಆರ್ಕೆಸ್ಟ್ರಾದವರಿಗೆ ಕೀಬೋರ್ಡ್ ನುಡಿಸುತ್ತಾನೆ, ಉಳಿದ ದಿನ ಮಕ್ಕಳಿಗೆ ಕಲಿಸುತ್ತಾನೆ. ಬಳಗದಲ್ಲಿ ಅವನು ಹೆಚ್ಚು ಮಾತನಾಡಿದವನಲ್ಲ.

ಕಿಡಿ ಹೊತ್ತಿದ್ದು

ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’ ಆಲ್ಬಮ್ ಹೊರಬಂದದ್ದು 1975ರ ಸೆಪ್ಟೆಂಬರ್ 12ರಂದು. ಅದಕ್ಕೆ ಐವತ್ತು ತುಂಬುವ ಹೊತ್ತಿಗೆ ಒಂದು ದೊಡ್ಡ ಕೂಟ ಮಾಡೋಣವೆಂದು ಜುಲೈನಲ್ಲಿ ಮಾತು ಬಂತು. ವಕೀಲರು ಒಂದು ಸಲಹೆ ಇಟ್ಟರು: ಆ ಆಲ್ಬಮ್ಮಿನ ಜೊತೆಗೆ ವಾಟರ್ಸ್ ಇಲ್ಲದೆ ತಂಡ ಮಾಡಿದ 1987ರ ‘ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್’ ಆಲ್ಬಮ್ಮನ್ನೂ ಕೇಳೋಣ, ತಂಡ ಹೇಗೆ ಮುಂದುವರಿಯಿತು ಎಂಬುದು ಗೊತ್ತಾಗಲಿ.

ಮೇಷ್ಟ್ರು ಒಪ್ಪಲಿಲ್ಲ. ವಾಟರ್ಸ್ ಹೊರಹೋದ 1985ರ ನಂತರ ಆ ಹೆಸರಿನಲ್ಲಿ ಬಂದದ್ದನ್ನು ಆ ತಂಡದ ಕೃತಿ ಎನ್ನುವುದೇ ಸುಳ್ಳು ಎಂದರು. ಅವರ ವಾದಕ್ಕೆ ಬಲವಿತ್ತು. 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನಿಂದ 1983ರ ‘ದ ಫೈನಲ್ ಕಟ್’ವರೆಗಿನ ಐದು ಆಲ್ಬಮ್ಮುಗಳ ಸಾಹಿತ್ಯವೆಲ್ಲ ವಾಟರ್ಸ್ ಅವರದೇ. ಅವರ ತಂದೆ 1944ರಲ್ಲಿ ಇಟಲಿಯ ಆಂಜಿಯೊ ಯುದ್ಧದಲ್ಲಿ ಸತ್ತಾಗ ಮಗು ವಾಟರ್ಸ್‌ಗೆ ವರ್ಷವೂ ತುಂಬಿರಲಿಲ್ಲ. ಆ ಸಾವಿನಿಂದ ಹುಟ್ಟಿದ ಮಾತುಗಳನ್ನು ಬರೆದವನನ್ನು ಹೊರಗಿಟ್ಟು ಉಳಿದವರು ಫಲಕ ಹೊತ್ತು ನಡೆದರೆ ಅದನ್ನು ತಂಡ ಎನ್ನುವುದು ಹೇಗೆ ಎಂದು ಕೇಳಿದರು.

ವಕೀಲರು ತಮ್ಮ ಕಸುಬಿನಿಂದಲೇ ಉತ್ತರಿಸಿದರು. “ಹೊರಗಿಟ್ಟವರು ಯಾರಯ್ಯ? ತಾನೇ ಪತ್ರ ಬರೆದು ಹೋದ. ಪಾಲುಪಟ್ಟಿಗೆ ಸಹಿ ಹಾಕಿದ ಮೇಲೆ ಬದುವಿನ ಮೇಲೆ ನಿಂತು ಈ ತೋಟ ನನ್ನದಾಗಿತ್ತು ಎಂದು ಅಳುವುದು ಸಲ್ಲದು.”

ಮೇಷ್ಟ್ರು ಎದ್ದು ನಿಂತರು. “ನಿನಗೆ ಹಾಡು ಬೇಕಿಲ್ಲ, ಪಹಣಿ ಬೇಕು.” ಅಷ್ಟು ಹೇಳಿ ಮೆಟ್ಟಿಲಿಳಿದರು. ಆಗಸ್ಟ್ ತಿಂಗಳ ಕೂಟಕ್ಕೆ ಬರಲಿಲ್ಲ. ವಕೀಲರು ಬಂದರೂ ಕಾರ್ಯಕ್ರಮದ ಮಾತೆತ್ತಲಿಲ್ಲ. ಬಳಗದ ಉಳಿದವರು ಎರಡು ಗುಂಪಾಗಿ ಮೊಬೈಲಿನಲ್ಲಿ ಹಳೆಯ ಸಂದರ್ಶನಗಳ ತುಣುಕುಗಳನ್ನು ಒಬ್ಬರಿಗೊಬ್ಬರು ಕಳುಹಿಸತೊಡಗಿದರು. ಒಂದು ಪಕ್ಷಕ್ಕೆ ವಾಟರ್ಸ್ ಸರ್ವಾಧಿಕಾರಿ, ಇನ್ನೊಂದು ಪಕ್ಷಕ್ಕೆ ಗಿಲ್ಮೋರ್ ವ್ಯಾಪಾರಿ. ಈ ಎರಡು ಬೈಗುಳಗಳ ಆಚೆಗೆ ಚರ್ಚೆ ಒಂದು ಹೆಜ್ಜೆಯೂ ಹೋಗಲಿಲ್ಲ.

ನಡೆದದ್ದು ಏನು

ಘಟನೆಗಳನ್ನು ಕ್ರಮವಾಗಿ ನೋಡದೆ ಯಾರ ಪಕ್ಷ ವಹಿಸುವುದೂ ಅನ್ಯಾಯ. 1983ರ ‘ದ ಫೈನಲ್ ಕಟ್’ ಹೊರಬರುವ ಹೊತ್ತಿಗೆ ವಾಟರ್ಸ್ ಮತ್ತು ಗಿಲ್ಮೋರ್ ಒಟ್ಟಿಗೆ ಕೆಲಸ ಮಾಡಲಾಗದ ಸ್ಥಿತಿಗೆ ಬಂದಿದ್ದರು. ಆ ಆಲ್ಬಮ್ಮಿನ ಹೊದಿಕೆಯ ಮೇಲೆ ರಚನೆ ರೋಜರ್ ವಾಟರ್ಸ್, ನುಡಿಸಿದ್ದು ಪಿಂಕ್ ಫ್ಲಾಯ್ಡ್ ಎಂದೇ ಅಚ್ಚಾಯಿತು. 1985ರ ಡಿಸೆಂಬರ್‌ನಲ್ಲಿ ವಾಟರ್ಸ್ ಧ್ವನಿಮುದ್ರಣ ಕಂಪನಿಗಳಿಗೆ ಪತ್ರ ಬರೆದು ತಂಡದಿಂದ ಹೊರಬಂದರು. ತಾವು ಹೋದ ಮೇಲೆ ತಂಡ ಮುಗಿಯಿತು ಎಂಬುದು ಅವರ ಎಣಿಕೆ. ಗಿಲ್ಮೋರ್ ಮತ್ತು ಡ್ರಮ್ಮರ್ ನಿಕ್ ಮೇಸನ್ ಅದೇ ಹೆಸರಿನಲ್ಲಿ ಮುಂದುವರಿಯಲು ಹೊರಟಾಗ 1986ರ ಅಕ್ಟೋಬರ್‌ನಲ್ಲಿ ಹೆಸರನ್ನು ತಡೆಯಲು ಲಂಡನ್ನಿನ ಹೈಕೋರ್ಟಿಗೆ ಹೋದರು.

1987ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ಸಿನ ಹಿಂದು ಮುಂದಿನ ದಿನಗಳಲ್ಲಿ, ಥೇಮ್ಸ್ ನದಿಯಲ್ಲಿ ಕಟ್ಟಿ ನಿಲ್ಲಿಸಿದ್ದ ಗಿಲ್ಮೋರ್ ಅವರ ದೋಣಿಮನೆ ‘ಆಸ್ಟೋರಿಯಾ’ದಲ್ಲಿ ಒಪ್ಪಂದವಾಯಿತು. ಹೆಸರು ಗಿಲ್ಮೋರ್ ಮತ್ತು ಮೇಸನ್‌ಗೆ ಉಳಿಯಿತು. ‘ದ ವಾಲ್’ ಕೃತಿಯ ಪರಿಕಲ್ಪನೆ ಮತ್ತು ಅದನ್ನು ರಂಗದ ಮೇಲೆ ತರುವ ಹಕ್ಕು ವಾಟರ್ಸ್‌ಗೆ ಹೋಯಿತು. 1976ರಲ್ಲಿ ‘ಅನಿಮಲ್ಸ್’ ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕಾಗಿ ಲಂಡನ್ನಿನ ಬ್ಯಾಟರ್‌ಸಿ ವಿದ್ಯುತ್ ಸ್ಥಾವರದ ಚಿಮಣಿಗಳ ನಡುವೆ ಹಾರಿಸಿದಾಗ ಹಗ್ಗ ಹರಿದುಕೊಂಡು ವಿಮಾನಗಳ ದಾರಿಗೆ ನುಗ್ಗಿದ್ದ ಗಾಳಿ ತುಂಬಿದ ಹಂದಿಯೂ ಈ ಹಂಚಿಕೆಯ ಮಾತಿನಲ್ಲಿತ್ತು.

ವಕೀಲರು ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ. ಮೇಷ್ಟ್ರಿಗೆ ಕಥೆ ಮುಗಿಯುವುದು 2005ರ ಜುಲೈ 2ರಂದು. ಅಂದು ಸಂಘಟಕ ಬಾಬ್ ಗೆಲ್ಡಾಫ್ ಒತ್ತಾಯಕ್ಕೆ ಮಣಿದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಬಡತನದ ವಿರುದ್ಧ ನಡೆದ ‘ಲೈವ್ 8’ ಸಂಗೀತ ಕಾರ್ಯಕ್ರಮದ ವೇದಿಕೆಗೆ ಹಳೆಯ ತಂಡದ ನಾಲ್ವರೂ ಬಂದರು. 1981ರ ಜೂನ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಜೊತೆಯಾಗಿ ನುಡಿಸಿದ ಮೇಲೆ ಅವರು ಒಂದೇ ವೇದಿಕೆಯಲ್ಲಿ ನಿಂತದ್ದು ಅದೇ ಮೊದಲು. ಅರ್ಧ ಗಂಟೆಯೂ ಇಲ್ಲದ ಕಾರ್ಯಕ್ರಮ. ‘ವಿಶ್ ಯು ವರ್ ಹಿಯರ್’ ಹಾಡುವ ಮುನ್ನ ವಾಟರ್ಸ್ ಅದನ್ನು ಇಲ್ಲದಿರುವ ಎಲ್ಲರಿಗೂ, ಅದರಲ್ಲೂ ತಂಡದ ಮೊದಲ ನಾಯಕ, 1968ರಲ್ಲಿ ಮಾನಸಿಕವಾಗಿ ಕುಸಿದು ಹೊರಹೋಗಿದ್ದ ಸಿಡ್ ಬ್ಯಾರೆಟ್‌ಗೆ ಅರ್ಪಿಸಿದರು. ಕೊನೆಗೆ ಅವರೇ ಕೈಚಾಚಿ ಉಳಿದವರನ್ನು ಅಪ್ಪುಗೆಗೆ ಕರೆದರು. ಆ ದೃಶ್ಯವನ್ನು ನೋಡುವಾಗ ಮೇಷ್ಟ್ರ ಕಣ್ಣು ಈಗಲೂ ಒದ್ದೆಯಾಗುತ್ತದೆ. ನಾನು ಅದನ್ನು ಗೌರವದಿಂದ ಹೇಳುತ್ತಿದ್ದೇನೆ. ಆದರೆ ಅದಾದ ಮೇಲೆ ದೊಡ್ಡ ಮೊತ್ತದ ಪ್ರವಾಸದ ಆಹ್ವಾನಗಳು ಬಂದರೂ ಗಿಲ್ಮೋರ್ ಒಪ್ಪಲಿಲ್ಲ. ಬಳಗದ ಅರ್ಧ ಜನರಿಗೆ ಅವರ ಮೇಲಿನ ಕೋಪ ಶುರುವಾಗುವುದು ಇಲ್ಲಿಂದಲೇ. ಒಮ್ಮೆ ಅಪ್ಪಿಕೊಂಡವನು ಜೀವನವಿಡೀ ಜೊತೆಗೆ ಊರೂರು ತಿರುಗಬೇಕು ಎಂಬ ಬೇಡಿಕೆ ಅಭಿಮಾನಿಯದು. ಅದನ್ನು ಈಡೇರಿಸುವ ಋಣ ಗಿಲ್ಮೋರ್ ಮೇಲೆ ಇರಲಿಲ್ಲ.

ಕಿರಿಯರು ತೋರಿಸುವುದು 2011ರ ಮೇ 12. ಹಿಂದಿನ ವರ್ಷ ಇಂಗ್ಲೆಂಡಿನ ಒಂದು ಸಹಾಯಾರ್ಥ ಕಾರ್ಯಕ್ರಮದಲ್ಲಿ ನನ್ನ ಜೊತೆ ಹಾಡಿದರೆ ನಿಮ್ಮ ‘ದ ವಾಲ್’ ಪ್ರದರ್ಶನಕ್ಕೆ ಒಂದು ರಾತ್ರಿ ಬರುತ್ತೇನೆ ಎಂದು ಗಿಲ್ಮೋರ್ ಮಾತು ಕೊಟ್ಟಿದ್ದರು. ಅದರಂತೆ ಲಂಡನ್ನಿನ ಓ2 ಅರೀನಾದಲ್ಲಿ, ಆ ಪ್ರದರ್ಶನಕ್ಕೆಂದು ವೇದಿಕೆಯಲ್ಲಿ ಕಟ್ಟಿದ್ದ ಗೋಡೆಯ ತುದಿಯಲ್ಲಿ ನಿಂತು ‘ಕಂಫರ್ಟಬ್ಲಿ ನಂಬ್’ ಹಾಡಿ ಗಿಟಾರ್ ನುಡಿಸಿದರು. ಅದೇ ಹಾಡಿನ ಧ್ವನಿಮುದ್ರಣದ ವೇಳೆ 1979ರಲ್ಲಿ ಇಬ್ಬರೂ ಕಚ್ಚಾಡಿದ್ದರು ಎಂಬುದನ್ನು ನೆನೆದರೆ ಆ ರಾತ್ರಿಯ ತೂಕ ತಿಳಿಯುತ್ತದೆ.

2013ರಲ್ಲಿ ವಾಟರ್ಸ್ ಬಿಬಿಸಿ ಸಂದರ್ಶನವೊಂದರಲ್ಲಿ ಆ ದಾವೆ ಹೂಡಿದ್ದು ತಮ್ಮ ತಪ್ಪು ಎಂದು ನೇರವಾಗಿ ಒಪ್ಪಿಕೊಂಡರು. ಮೇಷ್ಟ್ರ ಪಕ್ಷದವರು ಇದನ್ನು ಎಂದೂ ಎತ್ತುವುದಿಲ್ಲ. ಎತ್ತಬೇಕು, ಏಕೆಂದರೆ ಇದು ವಾಟರ್ಸ್ ಅವರ ದೊಡ್ಡತನ. ಅದಾದ ಮೇಲೂ ಗಾಯ ಮಾಯಲಿಲ್ಲ. ‘ಅನಿಮಲ್ಸ್’ ಆಲ್ಬಮ್ಮಿನ ಹೊಸ ಮಿಶ್ರಣ 2018ರಲ್ಲೇ ಸಿದ್ಧವಿದ್ದರೂ ಅದರ ಜೊತೆ ಅಚ್ಚಾಗಬೇಕಿದ್ದ ಬರಹದ ಬಗ್ಗೆ ಒಮ್ಮತವಾಗದೆ ಉಳಿದು, ಬರಹವಿಲ್ಲದೆಯೇ 2022ರಲ್ಲಿ ಬಂತು. 2023ರ ಫೆಬ್ರುವರಿಯಲ್ಲಿ ರಾಜಕೀಯ ನಿಲುವುಗಳ ಮೇಲೆ ಮತ್ತೆ ಬಹಿರಂಗವಾಗಿಯೇ ಕಿಡಿಗಳೆದ್ದವು.

ಹೀಗೆ ಒಂದು ಒಪ್ಪಂದ, ಒಂದು ಅಪ್ಪುಗೆ, ಮಾತು ಉಳಿಸಿಕೊಂಡ ಒಂದು ರಾತ್ರಿ, ಒಂದು ತಪ್ಪೊಪ್ಪಿಗೆ. ಇವುಗಳಲ್ಲಿ ತಮಗೆ ಬೇಕಾದ ಒಂದನ್ನು ಹಿಡಿದು ಅದೇ ಅಂತಿಮ ತೀರ್ಪು ಎಂದು ವಾದಿಸಿದ್ದರಿಂದಲೇ ನಮ್ಮ ಬಳಗದ ಚರ್ಚೆ ನಿಂತಲ್ಲೇ ನಿಂತಿತು. ಎಲ್ಲವೂ ನಿಜ, ಎಲ್ಲವೂ ಅಪೂರ್ಣ.

ಕೀಬೋರ್ಡಿನ ಹಿಂದೆ ಕುಳಿತವನು

ಆಗಸ್ಟ್ ಕೂಟದ ಕೊನೆಯಲ್ಲಿ ಆ ಯುವಕ ವಕೀಲರ ಕಡೆ ತಿರುಗಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ಸರ್, ನೀವೂ ಮೇಷ್ಟ್ರೂ ಇಷ್ಟು ದಿನ ಜಗಳವಾಡಿದಿರಿ. ರಿಕ್ ರೈಟ್ ಅವರ ಹೆಸರನ್ನು ಇಬ್ಬರೂ ಒಮ್ಮೆಯೂ ಹೇಳಲಿಲ್ಲ.”

ರಿಚರ್ಡ್ ರೈಟ್ ತಂಡದ ಮೊದಲ ದಿನಗಳಿಂದ ಕೀಬೋರ್ಡ್ ನುಡಿಸಿದವರು. 1971ರ ‘ಎಕೋಸ್’ ಎಂಬ ಇಪ್ಪತ್ತಮೂರು ನಿಮಿಷದ ರಚನೆ ಶುರುವಾಗುವ ಆ ಒಂಟಿ ಸ್ವರ ಅವರದು. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಗೆ ಪಿಯಾನೊ ಅಡಿಪಾಯ ಹಾಕಿದವರು ಅವರು. ಇಟಲಿಯ ನಿರ್ದೇಶಕ ಆಂಟೋನಿಯೋನಿಯ ಚಿತ್ರಕ್ಕೆಂದು ಅವರು ಮಾಡಿಕೊಟ್ಟ ಪಿಯಾನೊ ತುಣುಕೊಂದನ್ನು ಆ ನಿರ್ದೇಶಕರು ಬೇಡವೆಂದಿದ್ದರು. ಅದೇ ತುಣುಕು ‘ಅಸ್ ಆಂಡ್ ದೆಮ್’ ಆಯಿತು.

1979ರಲ್ಲಿ ‘ದ ವಾಲ್’ ಧ್ವನಿಮುದ್ರಣ ನಡೆಯುತ್ತಿದ್ದಾಗ ತಂಡದ ಹಣಕಾಸು ಹದಗೆಟ್ಟಿತ್ತು, ಆಲ್ಬಮ್ ಮುಗಿಸುವ ಗಡುವು ತಲೆಯ ಮೇಲಿತ್ತು. ರೈಟ್ ಅವರ ಸಂಸಾರವೂ ಆಗ ಮುರಿಯುತ್ತಿತ್ತು. ಸಂಗೀತಕ್ಕೆ ಅವರಿಂದ ಬಂದದ್ದು ಕಡಿಮೆ. ರೈಟ್ ತಂಡ ಬಿಡದಿದ್ದರೆ ಆಲ್ಬಮ್ ನಡೆಯದು ಎಂದು ವಾಟರ್ಸ್ ಪಟ್ಟು ಹಿಡಿದರು. ಉಳಿದಿಬ್ಬರು ಅದನ್ನು ತಡೆಯಲಿಲ್ಲ. ರೈಟ್ ಒಪ್ಪಿ ಹೊರಬಂದರು, ಆದರೆ 1980 ಮತ್ತು 1981ರ ‘ದ ವಾಲ್’ ಪ್ರದರ್ಶನಗಳಲ್ಲಿ ಸಂಬಳಕ್ಕೆ ನುಡಿಸಿದರು. ವೇದಿಕೆಗೆ ಅಡ್ಡಲಾಗಿ ದೈತ್ಯ ಗೋಡೆ ಕಟ್ಟಿ ಕೆಡಹುವ ಆ ಪ್ರದರ್ಶನಗಳ ಖರ್ಚು ಗಳಿಕೆಯನ್ನು ಮೀರಿತು. ನಷ್ಟ ಹೊತ್ತವರು ಪಾಲುದಾರರಾದ ಮೂವರು. ಆ ಪ್ರದರ್ಶನಗಳಿಂದ ಕೈಗೆ ಹಣ ಬಂದದ್ದು ಸಂಬಳದವರಾದ ರೈಟ್‌ಗೆ ಮಾತ್ರ.

ಅಭಿಮಾನಿಗಳು ಈ ಸಂಗತಿಯನ್ನು ನಗುತ್ತಾ ಹೇಳುವುದು ವಾಡಿಕೆ. ನಮ್ಮ ಹುಡುಗ ನಗಲಿಲ್ಲ. ತಾನು ಕಟ್ಟಲು ಕೈಜೋಡಿಸಿದ್ದ ಒಂದು ಆರ್ಕೆಸ್ಟ್ರಾದಿಂದ ಅವನನ್ನು ಒಮ್ಮೆ ಬಿಡಿಸಿದ್ದರು. ಎರಡು ಹಂಗಾಮಿನ ನಂತರ ಅದೇ ಆರ್ಕೆಸ್ಟ್ರಾ ಅವನನ್ನು ದಿನಗೂಲಿಗೆ ಕರೆಯಿತು. ಹೋಗಿ ನುಡಿಸಿದ. “ಹಣ ಬರುತ್ತದೆ ಸರ್. ಹಾಡು ಶುರುವಾದ ಮೇಲೆ ಕೈಗೂ ಏನೂ ಅನ್ನಿಸುವುದಿಲ್ಲ. ಬ್ಯಾನರ್ ಕಟ್ಟುವಾಗ ಮಾತ್ರ ಆ ಕಡೆ ನೋಡುವುದಿಲ್ಲ.”

ವಕೀಲರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತಾವಾಗಿಯೇ ಮುಂದಿನ ಭಾಗವನ್ನು ಎತ್ತಿದರು, ಮತ್ತು ಅದು ಅವರ ಪಕ್ಷಕ್ಕೆ ಒಳ್ಳೆಯದಾಗಿರಲಿಲ್ಲ. 1987ರಲ್ಲಿ ಗಿಲ್ಮೋರ್ ಮತ್ತು ಮೇಸನ್ ರೈಟ್‌ರನ್ನು ಮರಳಿ ಕರೆದಾಗಲೂ ಕರೆದದ್ದು ಸಂಬಳಕ್ಕೇ. ಹಿಂದೆ ತಂಡ ಬಿಡುವಾಗ ಮಾಡಿಕೊಂಡ ಕರಾರು ಅಡ್ಡ ಬಂದು ಅವರನ್ನು ಪೂರ್ಣ ಸದಸ್ಯರೆಂದು ಸೇರಿಸಲಾಗಲಿಲ್ಲ. ಆಲ್ಬಮ್ಮಿನ ಮೇಲೆ ಅವರ ಹೆಸರು ಹೆಚ್ಚುವರಿ ವಾದಕರ ಸಾಲಿನಲ್ಲಿ ಬಂತು. ಹೆಸರಿನ ಹಕ್ಕಿಗಾಗಿ ಹೋರಾಡಿ ಉಳಿಸಿಕೊಂಡವರ ಮನೆಯಲ್ಲೇ ಆ ಹೆಸರು ಕಟ್ಟಿದವನೊಬ್ಬ ಆಳಾಗಿ ದುಡಿದ. ‘ಸಹಿಯಿದೆ, ಮುಗಿಯಿತು’ ಎಂಬ ವಕೀಲರ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ರೈಟ್‌ಗೆ ಆದದ್ದೂ ಸಹಿಯ ಮೇಲೆಯೇ. ಹಾಗೆಯೇ ಪದ ಬರೆದವನೇ ತಂಡ ಎಂಬ ಮೇಷ್ಟ್ರ ವಾದವೂ ನಿಲ್ಲುವುದಿಲ್ಲ. ‘ಎಕೋಸ್’ನ ಮೊದಲ ಸ್ವರದಲ್ಲಿ ಪದ ಎಲ್ಲಿದೆ?

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದು. ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದಷ್ಟು ಕಾಲ ಅಭಿಮಾನಿಗಳು ಆ ಇಬ್ಬರ ವಕಾಲತ್ತು ವಹಿಸುತ್ತಾರೆ. ಆ ಇಬ್ಬರೂ ಮೂರನೆಯವನೊಡನೆ ಹೇಗೆ ನಡೆದುಕೊಂಡರು ಎಂದು ಕೇಳಿದಾಗ ಅವರ ಅಳತೆ ಸಿಗುತ್ತದೆ. ವಾಟರ್ಸ್ ಹೊರಹಾಕಿದರು, ಗಿಲ್ಮೋರ್ ತಡವಾಗಿಯಾದರೂ ಸರಿಪಡಿಸುತ್ತಾ ಹೋದರು. 1994ರ ‘ದ ಡಿವಿಷನ್ ಬೆಲ್’ನಲ್ಲಿ ರೈಟ್ ಐದು ರಚನೆಗಳಲ್ಲಿ ಪಾಲುಗಾರರು, ಒಂದನ್ನು ಅವರೇ ಹಾಡಿದರು. ಅವುಗಳಲ್ಲೊಂದಾದ ‘ಮರೂನ್ಡ್’ಗೆ ಗ್ರ್ಯಾಮಿ ಪ್ರಶಸ್ತಿ ಬಂತು. 2006ರಲ್ಲಿ ಗಿಲ್ಮೋರ್ ತಮ್ಮ ಸ್ವಂತ ಪ್ರವಾಸಕ್ಕೂ ಅವರನ್ನು ಕರೆದೊಯ್ದರು. 2008ರ ಸೆಪ್ಟೆಂಬರ್ 15ರಂದು ರೈಟ್ ಕ್ಯಾನ್ಸರಿನಿಂದ ತೀರಿಕೊಂಡರು. 2014ರ ‘ದಿ ಎಂಡ್‌ಲೆಸ್ ರಿವರ್’ ರೂಪುಗೊಂಡದ್ದು 1990ರ ದಶಕದಲ್ಲಿ ಅವರು ನುಡಿಸಿ ಉಳಿದಿದ್ದ ಮುದ್ರಣಗಳಿಂದ.

ಇನ್ನು ರೈಟ್. 2005ರ ಆ ವೇದಿಕೆಯಲ್ಲಿ ತನ್ನನ್ನು ಹೊರಹಾಕಿದವನ ಜೊತೆ ಅವರು ಸುಮ್ಮನೆ ಕುಳಿತು ನುಡಿಸಿದರು. ಹೈಡ್ ಪಾರ್ಕಿನ ಅಪ್ಪುಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಟ್ಟವರು ಅವರೇ ಎಂದು ನಾನು ನಂಬುತ್ತೇನೆ. ಕ್ಯಾಮೆರಾ ಹೆಚ್ಚು ತೋರಿಸಿದ್ದು ಮಿಕ್ಕ ಇಬ್ಬರನ್ನು.

ಮೇಷ್ಟ್ರು ಮರಳಿದ ಬಗೆ

ಮೇಷ್ಟ್ರನ್ನು ಕರೆತರಲು ಯಾರೂ ಸಂಧಾನಕ್ಕೆ ಹೋಗಲಿಲ್ಲ. ಹೋಗಿದ್ದರೆ ಅವರು ಇನ್ನೂ ಬಿಗಿಯುತ್ತಿದ್ದರು. ಎಸ್.ಐ.ಟಿ. ಬಡಾವಣೆಯ ಅವರ ಮನೆಗೆ ಹೋದವನು ಕೀಬೋರ್ಡ್ ಹುಡುಗ, ಮತ್ತು ಅವನು ಕೇಳಿದ್ದು ಒಂದು ಭೌತಶಾಸ್ತ್ರದ ಪ್ರಶ್ನೆ: “ಮೇಷ್ಟ್ರೇ, ‘ಎಕೋಸ್’ ಶುರುವಿನ ಸ್ವರವನ್ನು ಲೆಸ್ಲಿ ಸ್ಪೀಕರಿನಲ್ಲಿ ಹಾಯಿಸಿದ್ದು ಎನ್ನುತ್ತಾರೆ. ಅದರೊಳಗೆ ಏನಾಗುತ್ತದೆ? ಬಳಗಕ್ಕೆ ನೀವೇ ಹೇಳಿಕೊಡಬೇಕು.”

ಮೇಷ್ಟ್ರಿಗೆ ಪಾಠ ಮಾಡಬೇಡಿ ಎಂದರೆ ತಡೆದುಕೊಳ್ಳಲಾಗದು. ಸೆಪ್ಟೆಂಬರ್ ಕೂಟ 14ನೇ ತಾರೀಖಿನ ಭಾನುವಾರ ಬಿದ್ದಿತ್ತು. ಎರಡು ದಿನ ಹಿಂದೆ ಆಲ್ಬಮ್ಮಿಗೆ ಐವತ್ತು ತುಂಬಿತ್ತು. ಮರುದಿನ ರೈಟ್ ತೀರಿಕೊಂಡ ದಿನ. ಮೇಷ್ಟ್ರು ಬಟ್ಟೆಯ ಚೀಲವೊಂದರಲ್ಲಿ ಪುಟ್ಟ ಬ್ಲೂಟೂತ್ ಸ್ಪೀಕರ್ ಹಾಕಿ ಹಗ್ಗ ಕಟ್ಟಿ ತಂದಿದ್ದರು. ಅದರಲ್ಲಿ ಒಂದೇ ಸ್ವರ ನುಡಿಸಿ, ತಲೆಯ ಮೇಲೆ ಗರಗರನೆ ತಿರುಗಿಸಿದರು. ಚೀಲ ನಮ್ಮ ಕಡೆ ಬರುವಾಗ ಸ್ವರ ಏರಿತು, ದೂರ ಸರಿಯುವಾಗ ಇಳಿಯಿತು. ಡಾಪ್ಲರ್ ಪರಿಣಾಮ ಎಂದರೆ ಇದೇ ಎಂದರು. ಲೆಸ್ಲಿ ಪೆಟ್ಟಿಗೆಯೊಳಗೆ ಮೇಲ್ಸ್ವರಗಳ ಕಹಳೆ ಸುತ್ತುತ್ತದೆ, ಕೆಳಗೆ ಮಂದ್ರಕ್ಕೆ ಒಂದು ಪೀಪಾಯಿ ಸುತ್ತುತ್ತದೆ. ಸ್ಥಾಯಿಯೂ ಸದ್ದಿನ ಮಟ್ಟವೂ ಏರಿಳಿಯುತ್ತಾ ಸ್ವರ ಗಾಳಿಯಲ್ಲಿ ತೇಲಿದಂತೆ ಕೇಳುತ್ತದೆ. ನಿಧಾನ, ವೇಗ ಎಂದು ಎರಡು ಗತಿಗಳಿವೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಚೀಲ ತಿರುಗಿಸಿ ನೋಡಿದರು.

ಅದಾದ ಮೇಲೆ ವಕೀಲರು ಎದ್ದು ರೈಟ್ ಅವರ ಕರಾರಿನ ಕಥೆ ಹೇಳಿದರು. ಪಾಲುದಾರನಾಗಿರುವುದಕ್ಕೂ ಸಂಬಳದವನಾಗಿರುವುದಕ್ಕೂ ಕಾನೂನಿನಲ್ಲಿ ಏನು ಅಂತರ, ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಬಿಡಿಸಿಟ್ಟರು. 1987ರ ಆಲ್ಬಮ್ಮಿನ ಮೇಲೆ ರೈಟ್ ಹೆಸರು ಇದ್ದ ಜಾಗದ ಬಗ್ಗೆ ಹೇಳುವಾಗ ಅವರು ಮೇಷ್ಟ್ರ ಕಡೆ ನೋಡಿಯೇ ಹೇಳಿದರು. ಮೇಷ್ಟ್ರು ತಲೆಯಾಡಿಸಿ, 1979ರಲ್ಲಿ ವಾಟರ್ಸ್ ಮಾಡಿದ್ದು ತಮಗೂ ಒಪ್ಪಿಗೆಯಿಲ್ಲ ಎಂದರು. ಆ ಮಾತನ್ನು ಅವರ ಬಾಯಿಂದ ನಾವು ಕೇಳಿದ್ದು ಅದೇ ಮೊದಲು.

ಬಳಿಕ ಆಲ್ಬಮ್ ಕೇಳಿದೆವು. ಬ್ಯಾರೆಟ್‌ರನ್ನು ನೆನೆದು ಮಾಡಿದ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ರಚನೆಯ ಒಂಬತ್ತನೆಯ ಭಾಗ ರೈಟ್ ಒಬ್ಬರದೇ ಎಂಬುದನ್ನು ಹುಡುಗ ಮೊದಲೇ ಹೇಳಿದ್ದ. ಆಲ್ಬಮ್ ಮಸುಕಾಗುತ್ತಾ ಮುಗಿಯುವ ಕ್ಷಣಗಳಲ್ಲಿ ಅವರು ಸಿಡ್ ಬ್ಯಾರೆಟ್ ಬರೆದ 1967ರ ‘ಸೀ ಎಮಿಲಿ ಪ್ಲೇ’ ಹಾಡಿನ ರಾಗದ ಎಳೆಯೊಂದನ್ನು ನುಡಿಸುತ್ತಾರೆ. ಇದೇ ಆಲ್ಬಮ್ಮಿನ ಕೆಲಸ ನಡೆಯುತ್ತಿದ್ದಾಗ, 1975ರ ಜೂನ್‌ನಲ್ಲಿ, ದಪ್ಪಗಾಗಿ ಹುಬ್ಬು ಬೋಳಿಸಿಕೊಂಡಿದ್ದ ಬ್ಯಾರೆಟ್ ಅಬ್ಬೆ ರೋಡ್ ಸ್ಟುಡಿಯೊಕ್ಕೆ ಬಂದು ನಿಂತಾಗ ಹಳೆಯ ಗೆಳೆಯರಿಗೇ ಗುರುತು ಸಿಕ್ಕಿರಲಿಲ್ಲ. ಔಷಧದ ಅಂಗಡಿಯವರು ಆ ಕೊನೆಯ ನಿಮಿಷವನ್ನು ಇನ್ನೊಮ್ಮೆ ಹಾಕಿಸಿದರು. ಇಷ್ಟು ವರ್ಷ ಕೇಳಿಯೂ ಆ ಎಳೆ ತಮ್ಮ ಕಿವಿಗೆ ಬಿದ್ದಿರಲಿಲ್ಲ ಎಂದರು.

ಮೇಷ್ಟ್ರು ಮತ್ತು ವಕೀಲರು ಈಗ ಮಾತನಾಡುತ್ತಾರೆ. 1994ರ ‘ದ ಡಿವಿಷನ್ ಬೆಲ್’ ಆಲ್ಬಮ್ಮನ್ನು ಬಳಗದಲ್ಲಿ ಕೇಳಲು ಮೇಷ್ಟ್ರು ಒಪ್ಪಿದರು. ರೈಟ್ ಅದರಲ್ಲಿ ಹಾಡಿದ್ದಾರೆ ಎಂಬುದೇ ಅವರು ಕೊಟ್ಟ ಕಾರಣ. 1987ರ ಆಲ್ಬಮ್ಮಿನ ವಿಷಯದಲ್ಲಿ ಇಬ್ಬರೂ ತಮ್ಮ ತಮ್ಮ ಜಾಗದಲ್ಲೇ ಇದ್ದಾರೆ. ಅದನ್ನೂ ಒಂದು ಭಾನುವಾರಕ್ಕೆ ಇಟ್ಟಿದ್ದೇವೆ. ಪೂರ್ತಿ ಕೇಳಿಯೇ ಆಕ್ಷೇಪ ಹೇಳುತ್ತೇನೆ ಎಂದು ಮೇಷ್ಟ್ರು ತಿಳಿಸಿದ್ದಾರೆ, ಉತ್ತರ ಸಿದ್ಧವಿದೆ ಎಂದು ವಕೀಲರೂ ತಿಳಿಸಿದ್ದಾರೆ.